ಬಣ್ಣದ ತಪ್ಪೋ, ಬೆಳಕಿನ ತಪ್ಪೋ? ಡಿಜಿಟಲ್ ಚಿತ್ರದ ದೋಷ ಹುಡುಕುವ ಕ್ರಮ

"ಬಣ್ಣ ಸರಿ ಬರ್ತಿಲ್ಲ" ಎಂದು ತೋರಿಸುವ ಹೆಚ್ಚಿನ ಚಿತ್ರಗಳಲ್ಲಿ ಬಣ್ಣದ ತಪ್ಪೇ ಇರುವುದಿಲ್ಲ. ಮೊದಲು ಅನುಮಾನಿಸಬೇಕಾದ್ದು ಪರದೆಯನ್ನು. ಅದು ಸರಿ ಇದ್ದರೆ ತಿಳಿ–ಗಾಢವನ್ನು, ಅಂದರೆ ವ್ಯಾಲ್ಯೂವನ್ನು. ಅದಾದ ಮೇಲೆ ಬೆಳಕು ಎಲ್ಲಿಂದ ಬರುತ್ತಿದೆ ಎಂಬುದನ್ನು. ಬಣ್ಣದ ಸರದಿ ಕೊನೆಗೆ. ಈ ಕ್ರಮ ಬಿಟ್ಟು ನೇರವಾಗಿ ಹ್ಯೂ (ಬಣ್ಣದ ಬಗೆ) ಸ್ಲೈಡರ್ ಎಳೆಯಲು ಹೊರಟರೆ ಒಂದು ಕಡೆ ಸರಿಯಾಗುತ್ತದೆ, ನಾಲ್ಕು ಕಡೆ ಕೆಡುತ್ತದೆ.

ಇಲ್ಲಿನ ಮೆನು ಹೆಸರುಗಳು ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರಿನವು. ಅದು ದುಡ್ಡಿಲ್ಲದೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲೂ ಸಣ್ಣ ಕ್ಯಾನ್ವಾಸಿಗೆ ಸಾಕಾಗುತ್ತದೆ. ಫೋಟೋಶಾಪ್, ಕ್ಲಿಪ್ ಸ್ಟುಡಿಯೋ, ಪ್ರೊಕ್ರಿಯೇಟ್ ಬಳಸುವವರಿಗೂ ತರ್ಕ ಇದೇ. ಯಾವ ಪರೀಕ್ಷೆಗೂ ಮೊದಲು ಕಂಟ್ರೋಲ್–ಆಲ್ಟ್–ಎಸ್ ಒತ್ತಿ ಹೊಸ ಪ್ರತಿ ಉಳಿಸಿಕೊಳ್ಳಿ. ಲೇಯರ್‌ಗಳನ್ನು ಒಂದು ಮಾಡುವುದು, ಕಲರ್ ಪ್ರೊಫೈಲ್ (ಯಾವ ಅಂಕಿ ಯಾವ ಬಣ್ಣ ಎಂದು ಹೇಳುವ ಪಟ್ಟಿ) ಬದಲಿಸುವುದು, ಇವೆರಡನ್ನು ಮೂಲ ಫೈಲಿನಲ್ಲಿ ಎಂದೂ ಮಾಡಬೇಡಿ.

"ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗಿದೆ, ಮೊಬೈಲಲ್ಲಿ ಬೇರೇನೇ ಕಾಣುತ್ತೆ"

ಖರ್ಚಿಲ್ಲದ ಪರೀಕ್ಷೆಗಳಿಂದ ಶುರು ಮಾಡಿ. ನೈಟ್ ಲೈಟ್, ಐ ಕಂಫರ್ಟ್, ಟ್ರೂ ಟೋನ್ ಇವೆಲ್ಲ ಆಫ್ ಆಗಿವೆಯೇ ನೋಡಿ. ಸಂಜೆ ಏಳಕ್ಕೆ ತಾನಾಗಿಯೇ ಆನ್ ಆಗುವ ನೈಟ್ ಲೈಟ್ ಪರದೆಯ ನೀಲಿಯನ್ನು ಇಳಿಸುತ್ತದೆ. ನೀವು ಅದನ್ನು ಸರಿದೂಗಿಸಲು ಗೊತ್ತಿಲ್ಲದೇ ನೀಲಿ ಹೆಚ್ಚು ಬಳಿಯುತ್ತೀರಿ. ಬೆಳಿಗ್ಗೆ ನೋಡಿದರೆ ಇಡೀ ಚಿತ್ರಕ್ಕೆ ಶೀತ ಹಿಡಿದಿರುತ್ತದೆ. ಮೊಬೈಲಿನಲ್ಲಿ ವಿವಿಡ್ ಮೋಡ್ ಇದ್ದರೆ ಅದು ಎಲ್ಲ ಬಣ್ಣವನ್ನೂ ಏರಿಸಿ ತೋರಿಸುತ್ತದೆ. ಹೋಲಿಸಿ ನೋಡುವಾಗ ನ್ಯಾಚುರಲ್ ಮೋಡಿಗೆ ಹಾಕಿ.

ಕರೆಂಟು ಹೋದ ಗಳಿಗೆಯಲ್ಲೇ ಚಿತ್ರದ ಗಾಢ ಭಾಗ ಬದಲಾದರೆ ಅದು ಕಣ್ಣಿನ ಭ್ರಮೆಯಲ್ಲ. ಬ್ಯಾಟರಿಗೆ ಬಂದ ಕೂಡಲೇ ಎಷ್ಟೋ ಲ್ಯಾಪ್‌ಟಾಪ್‌ಗಳು ಬೆಳಕು ಇಳಿಸುವುದಲ್ಲದೆ, ಪರದೆಯಲ್ಲಿ ಏನಿದೆ ಎಂಬುದನ್ನು ನೋಡಿ ಕಾಂಟ್ರಾಸ್ಟನ್ನೂ ತಿದ್ದುತ್ತವೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇಗೆ ಹೋಗಿ ಬ್ರೈಟ್‌ನೆಸ್‌ನ ಕೆಳಗೆ ಇದಕ್ಕೊಂದು ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿ. ಆಷಾಢದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರುಗಳಲ್ಲಿ ಇದೊಂದನ್ನು ಸರಿ ಮಾಡಿದರೇ ಅರ್ಧ ತಲೆನೋವು ಹೋಗುತ್ತದೆ.

ಆಮೇಲೆ ನೋಡುವ ಕೋನ. ಅಗ್ಗದ ಲ್ಯಾಪ್‌ಟಾಪಿನ ಟಿಎನ್ ಪರದೆಯನ್ನು ಸ್ವಲ್ಪ ಹಿಂದೆ ಮುಂದೆ ಬಾಗಿಸಿದರೆ ಗಾಢ ಬಣ್ಣ ತಿಳಿಯಾಗುತ್ತದೆ, ತಿಳಿ ಬಣ್ಣ ಬೆಳ್ಳಗಾಗುತ್ತದೆ. ಇಡೀ ಕ್ಯಾನ್ವಾಸಿಗೆ ಮಧ್ಯಮ ಬೂದು ತುಂಬಿಸಿ ನೋಡಿ. ಮೇಲಿನ ಅಂಚು ಗಾಢ, ಕೆಳಗಿನ ಅಂಚು ತಿಳಿ ಕಂಡರೆ ಆ ಪರದೆಯಲ್ಲಿ ವ್ಯಾಲ್ಯೂ ತೀರ್ಮಾನ ಮಾಡುವಾಗ ಚಿತ್ರವನ್ನು ಚಿಕ್ಕದು ಮಾಡಿ ನಡುವಿಗೆ ತಂದೇ ನೋಡಬೇಕು.

ಬ್ರೈಟ್‌ನೆಸ್ ಹದ ಮಾಡಲು ಬಿಳಿ ಹಾಳೆ ಸಾಕು. ಕೆಲಸ ಮಾಡುವ ಬೆಳಕಿನಲ್ಲೇ ಹಾಳೆಯನ್ನು ಪರದೆಯ ಪಕ್ಕ ಹಿಡಿದು, ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಹಾಳೆಗಿಂತ ಪರದೆ ಲೈಟು ಉರಿದಂತೆ ಕಂಡರೆ ಇಳಿಸಿ, ಬೂದಾಗಿ ಕಂಡರೆ ಏರಿಸಿ. ಮಳೆಗಾಲದ ಕತ್ತಲೆ ಕೋಣೆಯಲ್ಲಿ ಪರದೆಯನ್ನು ಪೂರ್ತಿ ಏರಿಸಿಕೊಂಡು ಕೂತವರ ಚಿತ್ರಗಳೇ ಬೇರೆಯವರ ಕಣ್ಣಿಗೆ ಕಪ್ಪಾಗಿ ಕಾಣುವುದು.

ಇಷ್ಟಾಗಿಯೂ ಬಣ್ಣ ಸತ್ತಂತೆ ಕಂಡರೆ ಪ್ರೊಫೈಲ್ ನೋಡಿ. ಐಪ್ಯಾಡಿನಲ್ಲಿ ಹೆಚ್ಚು ಬಣ್ಣ ಹಿಡಿಯುವ ಪಿ3 ಕ್ಯಾನ್ವಾಸಿನಲ್ಲಿ ಬರೆದು, ಪ್ರೊಫೈಲ್ ಅರ್ಥವಾಗದ ಆ್ಯಪಿಗೆ ಹಾಕಿದರೆ ಕೆಂಪು–ಹಸಿರು ಎರಡೂ ಮಂಕಾಗುತ್ತವೆ. ಹಂಚಿಕೊಳ್ಳುವ ಪ್ರತಿಯನ್ನು ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ. ಅಸೈನ್ ಮಾಡಬೇಡಿ: ಕನ್ವರ್ಟ್ ಮಾಡಿದರೆ ಅಂಕಿಗಳು ಬದಲಾಗಿ ನೋಟ ಉಳಿಯುತ್ತದೆ, ಅಸೈನ್ ಮಾಡಿದರೆ ಅಂಕಿಗಳು ಉಳಿದು ನೋಟ ಕೆಡುತ್ತದೆ.

ಹೊರಗಿನ ಮಾನಿಟರ್ ಇಡೀ ಹಳದಿಯಾಗಿಯೋ ಗುಲಾಬಿಯಾಗಿಯೋ ಕಂಡರೆ ಸಾಫ್ಟ್‌ವೇರ್ ಮುಟ್ಟುವ ಮೊದಲು ಕೇಬಲ್ ಅಲ್ಲಾಡಿಸಿ. ಹಳೇ ವಿಜಿಎ ಕೇಬಲಿನಲ್ಲಿ ನೀಲಿ ಪಿನ್ ಬಿಟ್ಟುಹೋದರೆ ಬಿಳಿ ಹಳದಿಯಾಗುತ್ತದೆ, ಹಸಿರು ಪಿನ್ ಬಿಟ್ಟರೆ ಗುಲಾಬಿಯಾಗುತ್ತದೆ, ಕೆಂಪು ಪಿನ್ ಬಿಟ್ಟರೆ ತಿಳಿ ನೀಲಿ–ಹಸಿರಾಗುತ್ತದೆ. ಕೇಬಲ್ ಬದಲಿಸಿದರೂ ಹೋಗದಿದ್ದರೆ ರಿಪೇರಿಯವರಿಗೆ ಕೊಡಿ. ಮಾನಿಟರ್ ಬಿಚ್ಚುವುದು ಬೇಡ, ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ವಿದ್ಯುತ್ ಉಳಿದಿರುತ್ತದೆ.

"ಚಿತ್ರ ಸಪ್ಪೆ, ಎಲ್ಲೂ ಕಣ್ಣು ನಿಲ್ಲೋದಿಲ್ಲ"

ಎಲ್ಲದರ ಮೇಲೆ ಒಂದು ಹೊಸ ಲೇಯರ್, ಅದಕ್ಕೆ ಪೂರ್ತಿ ಕಪ್ಪು, ಬ್ಲೆಂಡಿಂಗ್ ಮೋಡ್ ಕಲರ್. ಚಿತ್ರ ಕಪ್ಪು–ಬಿಳುಪಾಗುತ್ತದೆ. ಈಗ ಅದನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಏನು ಬರೆದಿದೆ ಎಂದು ಆ ಗಾತ್ರದಲ್ಲೂ ತಿಳಿದರೆ ವ್ಯಾಲ್ಯೂ ಸರಿ ಇದೆ, ದೋಷ ಬೇರೆಡೆ ಇದೆ. ಬೂದು ಮುದ್ದೆಯಾಗಿ ಕಂಡರೆ ರೋಗ ಇಲ್ಲೇ ಇದೆ.

ಕಪ್ಪು–ಬಿಳುಪು ಮಾಡಲು ಡೀಸ್ಯಾಚುರೇಟ್ ಫಿಲ್ಟರ್ ಬಳಸುವವರು ಯಾವ ಲೆಕ್ಕ ಆರಿಸಿದ್ದೀರಿ ಎಂದು ಗಮನಿಸಿ. ಲೈಟ್‌ನೆಸ್ ಆರಿಸಿದರೆ ಅಪ್ಪಟ ಹಳದಿಯೂ ಅಪ್ಪಟ ನೀಲಿಯೂ ಒಂದೇ ಬೂದಾಗಿ ಬರುತ್ತವೆ. ಇದು ಶುದ್ಧ ಸುಳ್ಳು. ಲ್ಯುಮಿನಾಸಿಟಿ 709 ಆರಿಸಿ. ಅದು ಕಣ್ಣಿನ ಸಂವೇದನೆಗೆ ತಕ್ಕಂತೆ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕ ಕೊಡುತ್ತದೆ. ಆ ಲೆಕ್ಕದಲ್ಲಿ ಹಳದಿ 255ಕ್ಕೆ 237, ನೀಲಿ ಬರೀ 18.

ಮುದ್ದೆ ಎಂದು ಗೊತ್ತಾದ ಮೇಲೆ ಲೆವೆಲ್ಸ್ ತೆರೆದು ಎರಡೂ ತುದಿ ಎಳೆಯುವುದು ಸುಲಭದ ಮದ್ದು. ಆದರೆ ಅದರಿಂದ ಗಾಢವು ಇನ್ನೂ ಗಾಢ, ತಿಳಿಯು ಇನ್ನೂ ತಿಳಿ ಆಗುತ್ತದೆಯೇ ಹೊರತು ತಿಳಿ, ನಡು, ಗಾಢ ಗುಂಪುಗಳು ಬೇರೆಯಾಗುವುದಿಲ್ಲ. ಚಿತ್ರವನ್ನು ಮೂರೇ ವ್ಯಾಲ್ಯೂಗೆ ಇಳಿಸಿ ನೋಡುವುದು ಒಳ್ಳೆಯದು (ಪೋಸ್ಟರೈಸ್ ಫಿಲ್ಟರ್, 3). ಮೂರು ಗುಂಪಿಗೂ ಸಮನಾಗಿ ಜಾಗ ಹಂಚಿಹೋಗಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಲೆಯುತ್ತದೆ. ಒಂದು ಗುಂಪು ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯಲಿ, ಇನ್ನೊಂದು ಉಳಿದದ್ದರಲ್ಲಿ ಮುಕ್ಕಾಲು ಪಾಲು ತೆಗೆದುಕೊಳ್ಳಲಿ, ಮೂರನೆಯದು ಕಣ್ಣು ನಿಲ್ಲಬೇಕಾದ ಕಡೆ ಮಾತ್ರ ಬರಲಿ. ಸಾಗರ ತಾಲೂಕಿನ ಕಡೆಯ ಗೋಡೆ ಚಿತ್ರ ಹಸೆ ಚಿತ್ತಾರ ದೂರದಿಂದಲೂ ಓದಿಸಿಕೊಳ್ಳುವುದಕ್ಕೆ ಇದೇ ಕಾರಣ: ಕೆಮ್ಮಣ್ಣಿನ ಗಾಢ ನೆಲ, ಅಕ್ಕಿಹಿಟ್ಟಿನ ಬಿಳಿ ಎಳೆ, ನಡುವೆ ಅನುಮಾನಕ್ಕೆ ಜಾಗವೇ ಇಲ್ಲ.

"ನೆರಳು ಹಾಕಿದ ಮೇಲೆ ಕೆಸರಾಯಿತು"

ನೆರಳಿನ ಜಾಗದಿಂದ ಬಣ್ಣ ಎತ್ತಿ ಸ್ಯಾಚುರೇಶನ್, ಅಂದರೆ ಬಣ್ಣದ ತೀವ್ರತೆ ನೋಡಿ. ಬೆಳಕಿನ ಭಾಗಕ್ಕಿಂತ ಅದು ತೀರಾ ಬಿದ್ದುಹೋಗಿದ್ದರೆ ಕಾರಣ ಎರಡರಲ್ಲೊಂದು. ಬೂದು ಬೆರೆಸಿ ನೆರಳು ಮಾಡಿರುತ್ತೀರಿ, ಇಲ್ಲವೇ ಮೃದು ಬ್ರಷ್ಷನ್ನು ಕಡಿಮೆ ಒಪಾಸಿಟಿಯಲ್ಲಿ ಎಳೆದೆಳೆದು ಎದುರು ಬಣ್ಣಗಳನ್ನು ಕಲಸಿರುತ್ತೀರಿ. ಕಿತ್ತಳೆ (ಕೆಂಪು 230, ಹಸಿರು 120, ನೀಲಿ 30) ಮತ್ತು ನೀಲಿ (30, 110, 220) ಅರ್ಧರ್ಧ ಬೆರೆತರೆ ಬರುವುದು (130, 115, 125), ಅಂದರೆ ಹೆಚ್ಚುಕಡಿಮೆ ಬೂದಿ ಬಣ್ಣ. ಸಂಜೆ ಆಕಾಶ ಬರೆದವರೆಲ್ಲ ಈ ಬೂದಿಯನ್ನು ಕಂಡೇ ಇರುತ್ತಾರೆ. ಎರಡರ ನಡುವೆ ಗುಲಾಬಿಯೋ ನೇರಳೆಯೋ ಒಂದು ಮೆಟ್ಟಿಲನ್ನು ಕೈಯಾರೆ ಇಟ್ಟರೆ ಆಕಾಶ ಸತ್ತು ಬೀಳುವುದಿಲ್ಲ.

ನೆರಳಿಗೆ ಬಣ್ಣ ಆರಿಸುವಾಗ ಒಂದೇ ಪ್ರಶ್ನೆ: ಸೂರ್ಯನನ್ನು ಮರೆ ಮಾಡಿದ ಮೇಲೆ ಅಲ್ಲಿಗೆ ಬೆಳಕು ಎಲ್ಲಿಂದ ಬರುತ್ತಿದೆ? ತೆರೆದ ಅಂಗಳದಲ್ಲಾದರೆ ನೀಲಿ ಆಕಾಶದಿಂದ, ಹಾಗಾಗಿ ನೆರಳು ತಂಪು, ಅಂದರೆ ನೀಲಿಯ ಕಡೆಗೆ. ಕೆಮ್ಮಣ್ಣಿನ ರಸ್ತೆಯ ಪಕ್ಕದ ಗೋಡೆಯ ಕೆಳಭಾಗಕ್ಕಾದರೆ ರಸ್ತೆಯಿಂದ ಎಗರಿದ ಬೆಳಕು, ಅಲ್ಲಿ ನೆರಳು ಬಿಸಿ, ಅಂದರೆ ಕೆಂಪಿನ ಕಡೆಗೆ. ಅಡಿಕೆ ತೋಟದೊಳಗೆ ನಿಂತವರ ಮುಖದ ನೆರಳಿಗೆ ಹಸಿರು ಬಡಿಯುತ್ತದೆ. ಅದನ್ನು ಧೈರ್ಯವಾಗಿ ಹಾಕಿ, ಆದರೆ ವ್ಯಾಲ್ಯೂ ಏರಿಸದೆ. ಎಗರಿ ಬಂದ ಬೆಳಕು ನೇರ ಬೆಳಕಿನ ಭಾಗದಷ್ಟು ತಿಳಿಯಾದ ಕೂಡಲೇ ಮುಖದ ಆಕಾರ ಒಡೆದುಹೋಗುತ್ತದೆ. ಮೇಲೆ ಹೇಳಿದ ಕಪ್ಪು ಲೇಯರ್ ಹಾಕಿ ಬೂದಾಗಿಸಿ ನೋಡಿದಾಗ ನೆರಳಿನೊಳಗಿನ ಅತಿ ತಿಳಿ ಜಾಗ, ಬೆಳಕಿನೊಳಗಿನ ಅತಿ ಗಾಢ ಜಾಗಕ್ಕಿಂತ ಗಾಢವಾಗಿಯೇ ಇರಬೇಕು. ಒಂದೇ ಬಣ್ಣದ ವಸ್ತುವಿನಲ್ಲಿ ಈ ನಿಯಮ ತಪ್ಪಿದ್ದರೆ ಬೇರೆ ಏನನ್ನು ತಿದ್ದಿದರೂ ಉಪಯೋಗವಿಲ್ಲ.

"ತೋಟ ಬರೆದರೆ ಬರೀ ಹಸಿರು ಮುದ್ದೆ"

ಶಿವಮೊಗ್ಗದಿಂದ ಪಶ್ಚಿಮಕ್ಕೆ ಹೊರಟವರು ಬರೆಯುವ ಚಿತ್ರಗಳಲ್ಲಿ ಅತಿ ಸಾಮಾನ್ಯ ದೋಷ ಇದು, ತಿದ್ದಲು ಹೊತ್ತು ಹಿಡಿಯುವುದೂ ಇದೇ.

ಮೊದಲು ಹ್ಯೂ ಅಂಕಿ ನೋಡಿ. ಕಲರ್ ವೀಲಿನಲ್ಲಿ ಅಪ್ಪಟ ಹಸಿರು 120 ಡಿಗ್ರಿ. ಎಲೆಗಳ ಹಸಿರು ಬಹುಪಾಲು ಅದಕ್ಕಿಂತ ಹಳದಿಯ ಕಡೆಗೆ, 70ರಿಂದ 110ರ ನಡುವೆ ಇರುತ್ತದೆ. ಸ್ಯಾಚುರೇಶನ್ ಕೂಡ ನೂರರ ಹತ್ತಿರ ಬರುವುದಿಲ್ಲ. ನಿಮ್ಮ ಹಸಿರುಗಳೆಲ್ಲ 115–125ರೊಳಗೆ ಕೂತಿದ್ದರೆ ತೋಟ ಪ್ಲಾಸ್ಟಿಕ್ಕಾಗಿ ಕಾಣುವುದು ಸಹಜ.

ಅಂಕಿ ಸರಿ ಇದ್ದೂ ಮುದ್ದೆಯಾಗಿದ್ದರೆ, ಎಲ್ಲ ಎಲೆಗೂ ಒಂದೇ ಬಗೆಯ ಬೆಳಕು ಕೊಟ್ಟಿದ್ದೀರಿ ಎಂದರ್ಥ. ಎಲೆಯ ಬಣ್ಣ ಮೂರು ದಾರಿಯಲ್ಲಿ ಕಣ್ಣಿಗೆ ಬರುತ್ತದೆ. ಕಾಳುಮೆಣಸಿನ ಬಳ್ಳಿಯ ಎಲೆಯನ್ನೇ ಹತ್ತಿರದಿಂದ ನೋಡಿ. ಮೇಲ್ಮುಖ ಮಾಡಿದ ಎಲೆಯ ನುಣುಪು ಮೈ ಆಕಾಶವನ್ನೇ ತೋರಿಸುತ್ತದೆ. ಅಲ್ಲಿ ಹಸಿರು ಕಮ್ಮಿ, ನೀಲಿ ಬೆರೆತ ಬೂದು ಹೆಚ್ಚು, ವ್ಯಾಲ್ಯೂ ತಿಳಿ. ಪಕ್ಕದಲ್ಲೇ ಓರೆಯಾಗಿ ನಿಂತ ಎಲೆಯ ಹಿಂದಿನಿಂದ ಬೆಳಕು ಹಾಯ್ದು ಬರುತ್ತಿದ್ದರೆ ಅದು ಹಳದಿಗೆ ತಿರುಗಿ ಉರಿಯುತ್ತದೆ, ಚಿತ್ರದ ಅತಿ ಹೆಚ್ಚು ಸ್ಯಾಚುರೇಶನ್ ಅಲ್ಲೇ, ನರಗಳು ಗಾಢ ಗೆರೆಯಾಗಿ ಎದ್ದು ಕಾಣುತ್ತವೆ. ಅದರ ಕೆಳಗೆ ಮರೆಯಾದ ಎಲೆಗೆ ಇವೆರಡೂ ಇಲ್ಲ. ಅದು ಗಾಢ, ಸ್ವಲ್ಪ ಕಂದು ಬೆರೆತ ಹಸಿರು. ಒಂದೇ ಬಳ್ಳಿಯ ಮೂರು ಎಲೆಗೆ ಮೂರು ಹಸಿರು. ಇವನ್ನು ಮೂರು ಲೇಯರ್‌ಗಳಾಗಿ ಬೇರೆ ಮಾಡಿಕೊಂಡು ಬರೆದರೆ ಯಾವುದು ಹೆಚ್ಚಾಯಿತು ಎಂದು ಪತ್ತೆ ಹಚ್ಚುವುದು ಸುಲಭ. ಸಾಮಾನ್ಯವಾಗಿ ಹೆಚ್ಚಾಗಿರುವುದು ಎರಡನೆಯದು. ಬೆಳಕು ಹಾಯ್ದ ಎಲೆ ಚೆಂದ ಕಾಣುತ್ತದೆಂದು ಎಲ್ಲಕ್ಕೂ ಅದೇ ಹಚ್ಚಿದರೆ ಸೂರ್ಯ ಎಲ್ಲ ದಿಕ್ಕಿನಲ್ಲೂ ಇದ್ದಂತಾಗುತ್ತದೆ.

ಹಸಿರಲ್ಲದ್ದನ್ನು ಮರೆಯಬೇಡಿ. ಅಡಿಕೆ ಮರದ ಕಾಂಡ ಬೂದು–ಬಿಳಿ, ಮೇಲೆ ಉಂಗುರ, ಕಲ್ಲುಹೂವಿನ ಮಚ್ಚೆ. ಸೋಗೆ ಒಣಗಿದರೆ ಕಂದು. ಮುದ್ದೆಯನ್ನು ಒಡೆಯಲು ಹೊಸ ಹಸಿರು ತರುವುದಕ್ಕಿಂತ ಈ ಬೂದು ಕಾಂಡಗಳನ್ನು ಸರಿಯಾದ ವ್ಯಾಲ್ಯೂನಲ್ಲಿ ನಿಲ್ಲಿಸುವುದು ಎಷ್ಟೋ ಮೇಲು.

ಒಂದು ಕಡೆ ಬೂದು ಪರೀಕ್ಷೆಯೇ ಹೆದರಿಸುತ್ತದೆ. ಹಣ್ಣಡಿಕೆಯ ಗೊನೆ (230, 120, 30) ಬೂದಿನಲ್ಲಿ 137, ಹಿಂದಿನ ಎಲೆ (110, 150, 60) ಬೂದಿನಲ್ಲಿ 135. ಗೊನೆ ಮಾಯ! ಇದು ದೋಷವೇ? ಗೊನೆ ಚಿತ್ರದ ಮುಖ್ಯ ವಿಷಯವಲ್ಲದಿದ್ದರೆ ಅಲ್ಲ, ಬಣ್ಣದ ವ್ಯತ್ಯಾಸವೇ ಅದನ್ನು ತೋರಿಸುತ್ತದೆ. ಗೊನೆಯೇ ಮುಖ್ಯವಾದರೆ ಅದರ ಹಿಂದಿನ ಎಲೆಗಳನ್ನು ನೆರಳಿಗೆ ತಳ್ಳಿ. ಗೊನೆಗೆ ಬಿಳಿ ಬೆರೆಸಿ ತಿಳಿ ಮಾಡಲು ಹೋದರೆ ಹಣ್ಣು ಹೋಗಿ ಸೀಮೆಸುಣ್ಣ ಬರುತ್ತದೆ.

"ಮಳೆಗಾಲದ ಚಿತ್ರ, ಆದರೆ ಮಳೆ ಬಂದ ಹಾಗೇ ಇಲ್ಲ"

ನೆಲದ ಮೇಲೆ ಅಂಚು ಚೂಪಾದ ನೆರಳು ಬಿದ್ದಿದೆಯೇ ನೋಡಿ. ಇದ್ದರೆ ಅಳಿಸಿ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ಮೋಡ ಕವಿದಾಗ ಇಡೀ ಆಕಾಶವೇ ದೀಪ. ಆಗ ಯಾವ ಜಾಗ ಎಷ್ಟು ಗಾಢ ಎಂದು ತೀರ್ಮಾನಿಸಲು ಒಂದು ಉಪಾಯವಿದೆ: ಆ ಜಾಗದಲ್ಲಿ ಇರುವೆಯೊಂದು ಕೂತು ಸುತ್ತ ನೋಡಿದರೆ ಅದಕ್ಕೆ ಎಷ್ಟು ಆಕಾಶ ಕಾಣುತ್ತದೆ? ಹೆಂಚಿನ ಮೇಲೆ ಕೂತರೆ ಬಹುಪಾಲು ಆಕಾಶ, ಆದ್ದರಿಂದ ತಿಳಿ. ಗೋಡೆಯ ಮೈಗೆ ಅಂಟಿ ಕೂತರೆ ಅರ್ಧ. ಸೂರಿನಡಿ ಕೂತರೆ ಒಂದು ಪಟ್ಟಿ. ಜಗುಲಿಯ ಒಳಮೂಲೆಯಲ್ಲಿ ಕೂತರೆ ಸ್ವಲ್ಪವೇ ಸ್ವಲ್ಪ. ಕಪ್ಪನ್ನು 1, ಬಿಳಿಯನ್ನು 10 ಎಂದಿಟ್ಟುಕೊಂಡರೆ, ಬಿಸಿಲಿನ ದಿನ ಒಂದೇ ವಸ್ತುವಿನ ಬೆಳಕು–ನೆರಳಿನ ನಡುವೆ ಮೂರು ನಾಲ್ಕು ಮೆಟ್ಟಿಲು ಇಡಬಹುದು. ಮೋಡದ ದಿನ ಒಂದೋ ಎರಡೋ ಸಾಕು, ಗಾಢವೆಲ್ಲ ಸಂದುಗೊಂದಿಗೆ ಸೇರಲಿ.

ಇದಕ್ಕೆ ಹತ್ತಿರದ ಇನ್ನೊಂದು ದೋಷವೆಂದರೆ ಪ್ರತಿ ವಸ್ತುವಿನ ನಡುವೆ ತಿಳಿ, ಅಂಚಿಗೆಲ್ಲ ಗಾಢ, ದಿಂಬಿನ ಹಾಗೆ. ಅದು ಯಾವ ಬೆಳಕೂ ಅಲ್ಲ. ಮೋಡದ ದಿನವೂ ಬೆಳಕಿಗೆ ದಿಕ್ಕಿದೆ, ಮೇಲಿಂದ ಕೆಳಕ್ಕೆ.

ಒದ್ದೆ ಮಾಡುವಾಗ ತಪ್ಪು ಖಚಿತವಾಗಿ ಇಂಥದೇ ಆಗಿರುತ್ತದೆ: ಒಣ ಬಣ್ಣದ ಮೇಲೆ ಬಿಳಿ ಚುಕ್ಕೆ. ಜಂಬಿಟ್ಟಿಗೆ ಗೋಡೆ ನೆನೆದಾಗ ಕಲ್ಲಿನ ತೂತುಗಳಲ್ಲಿ ನೀರು ತುಂಬುತ್ತದೆ, ಒಳಹೊಕ್ಕ ಬೆಳಕು ಹೊರಬರುವ ಮೊದಲು ಹೆಚ್ಚು ಸಲ ಎಗರಾಡಿ ಹೀರಿಹೋಗುತ್ತದೆ. ಹಾಗಾಗಿ ಕಲ್ಲು ಗಾಢವಾಗುತ್ತದೆ, ಬಣ್ಣ ಇನ್ನಷ್ಟು ಕೆಂಪೇರುತ್ತದೆ. ಮೊದಲು ಇಡೀ ಗೋಡೆಯನ್ನು ಒಂದೆರಡು ಮೆಟ್ಟಿಲು ಇಳಿಸಿ, ಸ್ಯಾಚುರೇಶನ್ ಸ್ವಲ್ಪ ಏರಿಸಿ. ಆಮೇಲಷ್ಟೇ ಹೊಳಪು, ಅದೂ ಆಕಾಶಕ್ಕೆ ಮುಖ ಮಾಡಿದ ಮೈಗೆ ಮಾತ್ರ: ಗೋಡೆಯ ತಲೆ, ಮೆಟ್ಟಿಲು, ಅಂಗಳದ ನೀರು. ಆ ಹೊಳಪಿನ ಬಣ್ಣ ಅಪ್ಪಟ ಬಿಳಿಯಲ್ಲ, ನಿಮ್ಮ ಆಕಾಶದ ಬೂದು. ಸೂರಿನ ಕೆಳಗೆ ನೆನೆಯದ ಒಂದು ಒಣ ಪಟ್ಟಿ ಉಳಿಸಿ. ಒಣದ್ದು ಪಕ್ಕದಲ್ಲಿದ್ದರೇ ಒದ್ದೆಯಾದದ್ದು ಒದ್ದೆಯಾಗಿ ಕಾಣುವುದು.

ದೂರದ ಗುಡ್ಡಗಳಿಗೂ ಹವೆ ನೋಡಿಯೇ ಬಣ್ಣ. ಚಳಿಗಾಲದ ತಿಳಿ ದಿನ ಕೊಡಚಾದ್ರಿಯ 1343 ಮೀಟರ್ ಮೇಲಿಂದ ನೋಡಿದರೆ ಸಾಲುಸಾಲು ಗುಡ್ಡ ನೀಲಿಯಾಗುತ್ತ ಹೋಗುತ್ತದೆ, ಗಾಳಿಯ ಅಣುಗಳು ನೀಲಿಯನ್ನೇ ಹೆಚ್ಚು ಚದುರಿಸುವುದರಿಂದ. ಆಗುಂಬೆಯ ಮಳೆಗಾಲದ ಮಂಜು ಹಾಗಲ್ಲ. ನೀರಿನ ಹನಿಗಳು ಎಲ್ಲ ಬಣ್ಣವನ್ನೂ ಸರಿಸುಮಾರು ಸಮನಾಗಿ ಚದುರಿಸುತ್ತವೆ, ಗುಡ್ಡ ಮಂಜಿನ ಬೂದಿಗೇ ತಿರುಗುತ್ತದೆ. ಮಳೆಗಾಲದ ಗುಡ್ಡಕ್ಕೆ ನೀಲಿ ಬಳಿದರೆ ಚಿತ್ರದಲ್ಲಿ ಜನವರಿ ಬರುತ್ತದೆ. ಮಂಜಿನ ಬಣ್ಣವನ್ನೇ ಎತ್ತಿಕೊಂಡು ಹತ್ತಿರದ ಸಾಲಿಗೆ 20%, ಮುಂದಿನದಕ್ಕೆ 45%, ಅದರಾಚೆ 70% ಬೆರೆಸಿ. ಯಾವ ಹವೆಯಲ್ಲೂ ದೂರ ಹೋದಂತೆ ಮೊದಲು ತಿಳಿಯಾಗುವುದು ಗಾಢ ಭಾಗ. ಮೂರನೇ ಸಾಲಿನ ಗುಡ್ಡದಲ್ಲಿ ಕಪ್ಪು ಚುಕ್ಕೆ ಉಳಿದಿದ್ದರೆ ಅದು ಎದ್ದು ಮುಂದಕ್ಕೆ ಬರುತ್ತದೆ. ಮಂಜು ಕಣಿವೆಯಲ್ಲಿ ಕೂತಿದ್ದರೆ ಗುಡ್ಡದ ತಲೆ ಗಾಢ, ಬುಡ ತಿಳಿ. ಇದನ್ನು ತಲೆಕೆಳಗು ಬರೆದವರು ಬಹಳ.

"ಮಂಜಿನಲ್ಲಿ ಪಟ್ಟಿ ಪಟ್ಟಿ ಬರುತ್ತಿದೆ"

8 ಬಿಟ್ ಫೈಲಿನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. 190ರಿಂದ 215ರ ತನಕ ಹೋಗುವ ಮಂಜನ್ನು 2000 ಪಿಕ್ಸೆಲ್ ಉದ್ದಕ್ಕೆ ಹರಡಿದರೆ ಇರುವ 26 ಮೆಟ್ಟಿಲಲ್ಲಿ ಒಂದೊಂದೂ ಸುಮಾರು 77 ಪಿಕ್ಸೆಲ್ ಅಗಲ. ಪಟ್ಟಿ ಕಾಣದೇ ಏನು ಮಾಡೀತು? ಮೇಲೆ ಒಂದೆರಡು ಪರ್ಸೆಂಟ್ ನಾಯ್ಸ್ ಹಾಕಿದರೆ ಹೆಚ್ಚಿನ ಸಲ ಸಾಕು, ಒರಟು ಬ್ರಷ್ಷಿನಲ್ಲಿ ತೇಲಿಸಿದರೂ ಆಗುತ್ತದೆ. ಹೊಸ ಚಿತ್ರವನ್ನು 16 ಬಿಟ್‌ನಲ್ಲೇ ಶುರು ಮಾಡಿ, ಈಗಾಗಲೇ ಬಿದ್ದ ಪಟ್ಟಿ ಆಮೇಲೆ 16ಕ್ಕೆ ಬದಲಿಸಿದರೆ ಹೋಗುವುದಿಲ್ಲ. ನಿಮ್ಮಲ್ಲಿ ಸರಿ ಇದ್ದು ವಾಟ್ಸಾಪಿನಲ್ಲಿ ಕಳಿಸಿದ ಮೇಲಷ್ಟೇ ಪಟ್ಟಿ ಬಂದರೆ ತಪ್ಪು ಕುಗ್ಗಿಸುವಿಕೆಯದು, ಡಾಕ್ಯುಮೆಂಟ್ ಆಗಿ ಕಳಿಸಿ.

"ತಿಳಿ ಬಣ್ಣ ಬರ್ತಾನೇ ಇಲ್ಲ, ಗೀಟೆಲ್ಲ ಒಂದೇ ದಪ್ಪ"

ಪೆನ್ನಿನ ಒತ್ತಡ ಓದುತ್ತಿಲ್ಲ. ಕ್ರಿಟಾ ಸೆಟ್ಟಿಂಗ್ಸಿನ ಟ್ಯಾಬ್ಲೆಟ್ ಪುಟದಲ್ಲಿ ವಿನ್‌ಟ್ಯಾಬ್ ಇದ್ದರೆ ವಿಂಡೋಸ್ ಇಂಕ್‌ಗೆ, ವಿಂಡೋಸ್ ಇಂಕ್ ಇದ್ದರೆ ವಿನ್‌ಟ್ಯಾಬ್‌ಗೆ ಬದಲಿಸಿ (ಎರಡೂ ಪೆನ್ನಿನ ಒತ್ತಡ ಓದುವ ವಿಧಾನಗಳು), ಕ್ರಿಟಾ ಮುಚ್ಚಿ ಮತ್ತೆ ತೆರೆಯಿರಿ. ಆಗದಿದ್ದರೆ ಡ್ರೈವರ್ ತೆಗೆದು ಹೊಸದು ಹಾಕಿ. ಇಷ್ಟರಲ್ಲೇ ಸರಿಯಾಗುವುದು ಹೆಚ್ಚು.

ಕೈ ಬಿಟ್ಟು ಬೇರೆಯವರನ್ನು ಕೇಳಬೇಕಾದ ಲಕ್ಷಣಗಳು

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲೇ ಮಾನಿಟರ್, ಚಾರ್ಜರ್, ನೆಟ್ ಕೇಬಲ್ ಮೂರನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಯುಪಿಎಸ್ ಇದ್ದರೂ ಸಿಡಿಲಿಗೆ ಅದು ತಡೆಯಲ್ಲ. ಲ್ಯಾಪ್‌ಟಾಪಿನ ಕೀಬೋರ್ಡ್ ಉಬ್ಬಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿರಬಹುದು. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ಅಂಗಡಿಗೆ ಒಯ್ಯಿರಿ.

ಪರದೆಗಳೆಲ್ಲ ಸರಿ ಇದ್ದು, ಹಣ್ಣಡಿಕೆ–ಎಲೆಯ ಬಣ್ಣ ಬೇರೆಯವರಿಗೆ ಬೇರೆಬೇರೆ ಕಂಡು ನಿಮಗೊಬ್ಬರಿಗೆ ಒಂದೇ ಥರ ಕಾಣುತ್ತಿದ್ದರೆ ಕಣ್ಣಿನ ವೈದ್ಯರಲ್ಲಿ ಇಶಿಹಾರ ಪರೀಕ್ಷೆ (ಬಣ್ಣಗುರುಡು ಪತ್ತೆ ಹಚ್ಚುವುದು) ಮಾಡಿಸಿ. ಕೆಂಪು–ಹಸಿರು ವ್ಯತ್ಯಾಸ ಕಾಣದವರಿಗೆ ಚಿತ್ರ ಬಿಡಬೇಕಾದ ಅಗತ್ಯವೇನಿಲ್ಲ, ವ್ಯಾಲ್ಯೂ ಗಟ್ಟಿ ಮಾಡಿಕೊಂಡು ಬಣ್ಣವನ್ನು ಅಂಕಿ ನೋಡಿ ಹಾಕಬಹುದು. ಒಂದೇ ಕಣ್ಣಿಗೆ ಇದ್ದಕ್ಕಿದ್ದಂತೆ ಬಣ್ಣ ಮಾಸಿದರೆ, ಮಿಂಚು ಕಂಡರೆ, ಪರದೆ ಎಳೆದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

"ಪ್ರಿಂಟ್ ತಂದರೆ ಬಣ್ಣವೇ ಹೋಗಿದೆ"

ಮೊದಲು ಬೆಳಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಮಂಕು ಕಂಡದ್ದನ್ನು ಹೊರಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಇಡೀ ಪ್ರಿಂಟ್ ಸಮನಾಗಿ ಗಾಢವಾಗಿದ್ದರೆ ನಿಮ್ಮ ಪರದೆಯ ಬ್ರೈಟ್‌ನೆಸ್ ಹೆಚ್ಚಿತ್ತು, ಬಿಳಿ ಹಾಳೆಯ ಪರೀಕ್ಷೆಗೆ ಹೋಗಿ. ಹಸಿರು ಮತ್ತು ಕಡು ನೀಲಿ ಮಾತ್ರ ಸತ್ತಿದ್ದರೆ ಕಾರಣ ಬೇರೆ: ಆಷಾಢದ ಭತ್ತದ ಸಸಿಮಡಿಯ ಹಸಿರನ್ನು ಪರದೆ ತೋರಿಸಬಲ್ಲದು, ನಾಲ್ಕು ಶಾಯಿ ಬೆರೆಸಿ ಅದನ್ನು ತರಲಾಗದು. ಕಂಟ್ರೋಲ್–ವೈ ಒತ್ತಿದರೆ ಕ್ರಿಟಾ ಸಾಫ್ಟ್ ಪ್ರೂಫ್, ಅಂದರೆ ಪ್ರಿಂಟ್ ಹೇಗೆ ಬರಬಹುದೆಂಬ ಅಂದಾಜು ತೋರಿಸುತ್ತದೆ. ಪ್ರೆಸ್ಸಿನವರ ಪ್ರೊಫೈಲ್ ಕೇಳಿ ಹಾಕಿಕೊಂಡರೆ ಇನ್ನೂ ಸರಿ. ಅದರಲ್ಲಿ ಹಸಿರು ಇಳಿದು ಕಂಡರೆ ಸ್ಯಾಚುರೇಶನ್ ಏರಿಸಿ ಪ್ರಯೋಜನವಿಲ್ಲ. ಪಕ್ಕದ ಬಣ್ಣಗಳನ್ನು ಇನ್ನಷ್ಟು ಬೂದಾಗಿಸಿ, ಇರುವ ಹಸಿರೇ ಎದ್ದು ಕಾಣುತ್ತದೆ.

ನೆರಳೆಲ್ಲ ಒಂದೇ ಕಪ್ಪಾಗಿ ಕೂತರೆ ಗಾಢ ಭಾಗದೊಳಗಿನ ವ್ಯತ್ಯಾಸಗಳನ್ನು ಸ್ವಲ್ಪ ಮೇಲೆತ್ತಿ. ನುಣುಪಿಲ್ಲದ ಕಾಗದ ಶಾಯಿ ಹೀರುತ್ತದೆ, ಹತ್ತಿರಹತ್ತಿರದ ಗಾಢಗಳು ಅದರಲ್ಲಿ ಒಂದಾಗುತ್ತವೆ. ನಾಲ್ಕೂ ಶಾಯಿಯ ಒಟ್ಟು ಮೊತ್ತ ನುಣುಪು ಕಾಗದಕ್ಕೆ 300% ಆಸುಪಾಸು, ಪತ್ರಿಕೆ ಕಾಗದಕ್ಕೆ 240% ಆಸುಪಾಸು ಇಟ್ಟುಕೊಳ್ಳುವುದು ರೂಢಿ. ಮಳೆಗಾಲದ ತೇವದಲ್ಲಿ ಹೆಚ್ಚು ಶಾಯಿ ಬೇಗ ಒಣಗದೆ ಮೇಲೆ ಬೀಳುವ ಹಾಳೆಯ ಬೆನ್ನಿಗೆ ಅಂಟುತ್ತದೆ.

ಪೂರ್ತಿ ಮುದ್ರಣಕ್ಕೆ ಕೊಡುವ ಮೊದಲು ಚಿತ್ರದ ಅತಿ ಗಾಢ, ಅತಿ ತಿಳಿ, ಅತಿ ಹಸಿರು ಭಾಗಗಳನ್ನು ಕತ್ತರಿಸಿ ಒಂದು ಎ4 ಹಾಳೆಯಲ್ಲಿ ಜೋಡಿಸಿ, ಅದೇ ಕಾಗದದಲ್ಲಿ ಅದೇ ಮೆಷಿನ್ನಿನಲ್ಲಿ ತೆಗೆಸಿ. ಫ್ಲೆಕ್ಸ್ ಆದರೆ ಒಂದು ಅಡಿ ಅಗಲದ ತುಂಡು ಕೇಳಿ, ಮತ್ತು ಅದನ್ನು ಕಟ್ಟುವ ಎತ್ತರಕ್ಕೆ ಹಿಡಿಸಿ ದೂರದಿಂದ ನೋಡಿ.